ಜಿನ್ನಿನ ಖರೇ ಕಿಮ್ಮತ್ತು

ಔರಾದಿನ ಮಕ್ಸೂದ ಭಾಲ್ಕಿಗೆ ಬಂದು ಅನುಸೂಯಾಬಾಯಿಯ ಮನೆಯ ಕಟ್ಟೆಯ ಮೇಲೆ ಕೂತಾಗ ೧೯೫೧ರ ಯುಗಾದಿ ಮುಗಿದು ನಾಲ್ಕು ದಿನವಾಗಿತ್ತು. ಬಂದವನು ನೀರು ಕುಡಿದ, ಆ ವರ್ಷದ ತೊಗರಿಯ ಧಾರಣೆಯ ಬಗ್ಗೆ ಎರಡು ಮಾತಾಡಿದ, ಆಮೇಲೆ ಸುತ್ತುಬಳಸಿಲ್ಲದೆ ಹತ್ತಿಯ ಕಾಳು ಬಿಡಿಸುವ ತನ್ನ ಜಿನ್ನು ತೆಗೆದುಕೊಳ್ಳುವಿರಾ ಎಂದು ಕೇಳಿದ. ರೊಕ್ಕ ಬೇಡ, ಬದಲಿಗೆ ಬೀದರಿನಲ್ಲಿ ಚಿದ್ರಿ ದಾರಿಯ ಮೇಲಿರುವ ನಿಮ್ಮ ಎಣ್ಣೆ ಗಿರಣಿ ಕೊಡಿರಿ, ಹೆಚ್ಚುಕಡಿಮೆ ಏನಿದ್ದರೂ ಕೂತು ಮುಗಿಸೋಣ ಎಂದ.

ಅನುಸೂಯಾಬಾಯಿಗೆ ಆಗ ನಲವತ್ತೆರಡು. ಗಂಡ ಮನ್ಮಥಪ್ಪ ವಿಷಮಜ್ವರದಿಂದ ತೀರಿಕೊಂಡು ಐದು ವರ್ಷವಾಗಿತ್ತು. ಭಾಲ್ಕಿಯ ಬಜಾರಿನಲ್ಲಿ ಕಾಳುಕಡಿಯ ಅಂಗಡಿ, ಹಲಬರ್ಗಾದಲ್ಲಿ ಶೇಂಗಾ ತುಂಬುವ ಗೋದಾಮು, ಬೀದರಿನಲ್ಲಿ ಎಣ್ಣೆ ಗಿರಣಿ, ಈ ಮೂರನ್ನು ಅವನು ಬಿಟ್ಟುಹೋಗಿದ್ದ. ಅಂಗಡಿಯನ್ನು ಮೈದುನ ಶಿವರಾಜಪ್ಪ ನೋಡುತ್ತಿದ್ದ. ಗಿರಣಿಯನ್ನು ಅನುಸೂಯಾಬಾಯಿಯೇ ನೋಡುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ರೈಲಿನಲ್ಲಿ ಬೀದರಿಗೆ ಹೋಗಿ, ತಲೆಯ ಮೇಲೆ ಸೆರಗು ಹೊದ್ದು, ಎಂಜಿನ್ನಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟರೆ, ಸದ್ದು ಕೇಳಿಯೇ ಯಾವ ಬೇರಿಂಗಿಗೆ ಎಣ್ಣೆ ಬೇಕೆಂದು ಹೇಳುತ್ತಾಳೆ ಎಂದು ಅಲ್ಲಿಯ ಆಳುಗಳು ಮಾತಾಡಿಕೊಳ್ಳುತ್ತಿದ್ದರು. ಹಲಬರ್ಗಾದ ಗೋದಾಮು ಮಾತ್ರ ಇರಲಿಲ್ಲ. ನಲವತ್ತೆಂಟರ ಬೇಸಿಗೆಯಲ್ಲಿ ರಜಾಕಾರರು ಅದಕ್ಕೆ ಬೆಂಕಿ ಇಟ್ಟಿದ್ದರು. ಆರುನೂರು ಚೀಲ ಶೇಂಗಾ ಎರಡು ದಿನ ಉರಿಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು. ಐದು ದಿನದಲ್ಲಿ ನಿಜಾಮರ ಸರಕಾರ ಮುಗಿಯಿತು. ಆಮೇಲಿನ ದಿನಗಳಲ್ಲಿ ಔರಾದಿನ ಕಡೆ ಕೈಯಲ್ಲಿ ಕೊಡಲಿ ಹಿಡಿದು ಓಡಾಡಿದವರು ರಜಾಕಾರರಲ್ಲ, ಬೇರೆ ಜನ, ಈ ಸಲ ಓಡಿದವರೂ ಬೇರೆ ಜನ. ಮಕ್ಸೂದನ ಜಿನ್ನಿನ ಯಂತ್ರ ತಿರುಗಿಸುವ ಚರ್ಮದ ಪಟ್ಟಾಗಳನ್ನು ಕತ್ತರಿಸಿದರು, ಅಂಗಳದಲ್ಲಿದ್ದ ಹತ್ತಿಯ ಅಂಡಿಗೆಗಳನ್ನು ಸುಟ್ಟರು. ಜಿನ್ನಿನ ಫಿಟ್ಟರ್ ಗೋರಖನಾಥ ತನ್ನ ಕೇರಿಯ ಗುಡಿಸಲಿನಲ್ಲಿ ಮಕ್ಸೂದನನ್ನೂ ಅವನ ಹೆಂಡತಿ ಮಕ್ಕಳನ್ನೂ ಆರು ದಿನ ಬಚ್ಚಿಟ್ಟ. ಏಳನೆಯ ದಿನ ಫೌಜಿನ ಲಾರಿಯಲ್ಲಿ ಅವರು ಬೀದರಿಗೆ ಹೋದವರು ಮತ್ತೆ ಔರಾದಿನಲ್ಲಿ ಮನೆ ಹೂಡಲಿಲ್ಲ. ಮಕ್ಸೂದನ ಅಣ್ಣ ಗುಲಾಮ ರಸೂಲ ಮರುವರ್ಷ ಕರಾಚಿಗೆ ಹೋಗಿಬಿಟ್ಟ. ಜಿನ್ನಿಗೆ ಬೀಗ ಬಿದ್ದು ಎರಡೂವರೆ ವರ್ಷ ಕಳೆದಿತ್ತು.

ಹೀಗಾಗಿ ಮಕ್ಸೂದ ಕೇಳಿದ್ದರಲ್ಲಿ ಅರ್ಥವಿತ್ತು. ಅನುಸೂಯಾಬಾಯಿಯ ತವರು ಔರಾದಿನಿಂದ ಎರಡು ಹರದಾರಿ. ಅಲ್ಲಿಯ ಅಣ್ಣತಮ್ಮಂದಿರ ಹತ್ತಿ, ಸುತ್ತಿನ ಹತ್ತು ಹಳ್ಳಿಗಳ ಹತ್ತಿ, ಜಿನ್ನಿಲ್ಲದೆ ಉದಗೀರಿನ ತನಕ ಬಂಡಿಯಲ್ಲಿ ಹೋಗುತ್ತಿತ್ತು. ಇತ್ತ ಬೀದರಿನಲ್ಲಿ ಎಣ್ಣೆ ಗಿರಣಿಗಳು ಒಂದಕ್ಕೆ ನಾಲ್ಕಾಗಿದ್ದವು.

ಮರುವಾರ ಅವಳು ಔರಾದಿಗೆ ಹೋಗಿ ಜಿನ್ನು ನೋಡಿದಳು. ಗೋರಖನಾಥ ಬೀಗ ತೆಗೆದ. ಒಳಗೆ ಆರು ಜಿನ್ನು ಯಂತ್ರಗಳು ಸಾಲಾಗಿ ನಿಂತಿದ್ದವು. ಅವನು ಎಂಜಿನ್ನಿನ ಹೊಟ್ಟೆ ತೊಳೆದು, ಎರವಲು ತಂದ ಒಂದು ಪಟ್ಟಾ ಏರಿಸಿ, ಮಧ್ಯಾಹ್ನದ ಹೊತ್ತಿಗೆ ಅದನ್ನು ಕೆಮ್ಮಿಸಿ ಕೆಮ್ಮಿಸಿ ನಡೆಸಿಯೇಬಿಟ್ಟ. ಅವಳು ಅರ್ಧ ತಾಸು ಕಿವಿಗೊಟ್ಟು ಕೂತಳು. ಎಂಜಿನ್ ಗಟ್ಟಿಯಾಗಿತ್ತು. ಹತ್ತಿ ಎಳೆಯುವ ಉರುಳೆಗಳ, ಅಂದರೆ ರೂಲುಗಳ, ಚರ್ಮ ಮಾತ್ರ ಹೊಸದು ಹಾಕಬೇಕಿತ್ತು.

ಬೆಲೆಯ ಮಾತು ಮೂರು ಭೇಟಿಯಲ್ಲಿ ಮುಗಿಯಿತು. ಜಾಗ, ಕಟ್ಟಡ, ಯಂತ್ರ ಎಲ್ಲ ಸೇರಿ ಜಿನ್ನಿಗೆ ಹದಿನಾರು ಸಾವಿರ ಕಲ್ದಾರ ರೂಪಾಯಿ. ಎಣ್ಣೆ ಗಿರಣಿಯ ಎಂಜಿನ್, ಗಾಣ, ತಗಡಿನ ಶೆಡ್ಡಿಗೆ ಹತ್ತು ಸಾವಿರ, ಜಾಗಕ್ಕೆ ನಾಲ್ಕು ಸಾವಿರ, ಒಟ್ಟು ಹದಿನಾಲ್ಕು. ಎರಡು ಸಾವಿರ ಅನುಸೂಯಾಬಾಯಿ ಕೈಯಿಂದ ಕೊಡಬೇಕು. ಕಲ್ದಾರ ಅಂದರೆ ಹಿಂದೂಸ್ತಾನದ ರೂಪಾಯಿ. ನಿಜಾಮರ ಹಾಲಿ ರೂಪಾಯಿ ಇನ್ನೂ ಬಜಾರಿನಲ್ಲಿ ಓಡಾಡುತ್ತಿತ್ತು, ಏಳು ಹಾಲಿಗೆ ಆರು ಕಲ್ದಾರ. ಎರಡೂ ಕಡೆಯವರಿಗೆ ಬೆಲೆ ಒಪ್ಪಿಗೆಯಾಗಿತ್ತು. ಯಾರೂ ಯಾರನ್ನೂ ಹಿಂಡಿರಲಿಲ್ಲ.

ತೊಡಕು ಬಂದದ್ದು ಬರೆಯುವಾಗ.

ಬೀದರಿನಲ್ಲಿ ದಸ್ತಾವೇಜು ಬರೆಯುವ ಫಕ್ರೋದ್ದೀನನಿಗೆ ಅರವತ್ತೈದು ದಾಟಿತ್ತು. ನಲವತ್ತು ವರ್ಷ ಉರ್ದುವಿನಲ್ಲಿ ಖರೀದಿಪತ್ರ ಬರೆದ ಕೈ ಅದು. ಅನುಸೂಯಾಬಾಯಿ, ಶಿವರಾಜಪ್ಪ, ಮಕ್ಸೂದ ಮೂವರೂ ಅವನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಶಿವರಾಜಪ್ಪ ಮೊದಲೇ ತಯಾರಾಗಿ ಬಂದಿದ್ದ. ಈಗ ಹೈದರಾಬಾದ್ ಸಂಸ್ಥಾನಕ್ಕೂ ಹಿಂದೂಸ್ತಾನದ ಇನ್‌ಕಮ್ ಟ್ಯಾಕ್ಸು ಬಂದಿದೆ, ವ್ಯಾಪಾರದ ಆಸ್ತಿ ಮಾರಿದರೆ ಲಾಭದಲ್ಲಿ ಅರ್ಧ ಸರಕಾರಕ್ಕೆ ಹೋಗುತ್ತದಂತೆ, ಭಾಲ್ಕಿಯ ಬಜಾರಿನಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದಾರೆ ಎಂದ. ನಮ್ಮ ಲೆಕ್ಕದ ವಹಿಯಲ್ಲಿ ಗಿರಣಿಯ ಬೆಲೆ ಸವಕಳಿ ಕಳೆದು ನಾಲ್ಕು ಸಾವಿರದ ಇನ್ನೂರಕ್ಕೆ ಬಂದಿದೆ. ದಸ್ತಾವೇಜಿನಲ್ಲಿ ಅಷ್ಟೇ ಬರೆದರೆ ಲಾಭವೇ ಇಲ್ಲ, ತೆರಿಗೆಯೂ ಇಲ್ಲ. ಜಾಗಕ್ಕೆ ಸಾವಿರದ ಎಂಟುನೂರು ಹಾಕಿ ಒಟ್ಟು ಆರು ಸಾವಿರ ಮಾಡೋಣ. ಅದಕ್ಕೆ ಸರಿಯಾಗಿ ಜಿನ್ನಿಗೆ ಎಂಟು ಸಾವಿರ ಬರೆಯೋಣ. ಸ್ಟಾಂಪಿನ ಖರ್ಚೂ ಅರ್ಧವಾಗುತ್ತದೆ.

ಅನುಸೂಯಾಬಾಯಿ ಆಗಲಿ ಎಂದಳು. ಆ ಹೊತ್ತಿಗೆ ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬಜಾರಿನಲ್ಲಿ ಕಡಿಮೆ ಬೆಲೆ ಬರೆಸದವರು ಯಾರಿದ್ದರು? ಮಕ್ಸೂದ ಕೂಡ ನೀವು ಹೇಳಿದ ಹಾಗೆ ಎಂದು ಗೋಣು ಹಾಕಿದ. ಆದರೆ ಅವನು ಹಾಗನ್ನುವಾಗ ಚಾಪೆಯ ಕಡ್ಡಿಯೊಂದನ್ನು ಕಿತ್ತು ಕಿತ್ತು ಇಡುತ್ತಿದ್ದ.

ಶಿವರಾಜಪ್ಪ ಸ್ಟಾಂಪು ಕಾಗದ ತರಲು ಖಜಾನೆಯ ಕಡೆ ಎದ್ದುಹೋದ. ಮಕ್ಸೂದ ನಮಾಜಿಗೆ ಹೋದ. ಫಕ್ರೋದ್ದೀನ ಕಲಮು ಒರೆಸಿ ಡಬ್ಬಿಯಲ್ಲಿಟ್ಟು, ಅನುಸೂಯಾಬಾಯಿಯ ಕಡೆ ತಿರುಗಿದ.

"ಬಾಯಿ, ನಾ ಬರಿಯಾಂವ. ನೀವು ಏನ್ ಹೇಳ್ತೀರಿ ಅದೇ ಬರೀತೀನ್ರಿ. ಆದ್ರ ಒಂದ್ ಮಾತು ಕಿವಿಗೆ ಹಾಕ್ತೀನಿ. ಹದಿನಾರು ಸಾವಿರದ ಜಿನ್ನು ಎಂಟು ಸಾವಿರಕ್ಕ ಬರದ್ರ, ಅದನ್ನ ಮೊದಲ ಓದೋರು ಟ್ಯಾಕ್ಸಿನವ್ರಲ್ರಿ."

ಯಾರು ಎಂದು ಅವಳು ಕೇಳಿದಳು.

ದೇಶ ಬಿಟ್ಟುಹೋದವರ ಆಸ್ತಿಯನ್ನು ನೋಡಿಕೊಳ್ಳುವ ಕಚೇರಿಯೊಂದು ಈಗ ಇದೆ ಎಂದು ಅವನು ವಿವರಿಸಿದ. ಪಾಕಿಸ್ತಾನಕ್ಕೆ ಹೋದವರ ಆಸ್ತಿ ಆ ಕಚೇರಿಯ ಕೈಗೆ ಬರುತ್ತದೆ. ಹೋಗಲು ತಯಾರಾದವರ ಆಸ್ತಿಯ ಮೇಲೂ ಅದರ ಕಣ್ಣಿರುತ್ತದೆ. ಅಣ್ಣ ಕರಾಚಿಯಲ್ಲಿರುವ ಮನುಷ್ಯ ತನ್ನ ಜಿನ್ನನ್ನು ಅರ್ಧ ಬೆಲೆಗೆ ಕೈಬಿಟ್ಟಿದ್ದಾನೆ ಎಂದು ದಸ್ತಾವೇಜೇ ಹೇಳಿದರೆ, ಇವನೂ ಗಂಟುಮೂಟೆ ಕಟ್ಟಿದ್ದಾನೆ ಎಂದು ಯಾರಾದರೂ ಅರ್ಜಿ ಹಾಕುವುದು ಒಂದು ದಿನದ ಕೆಲಸ. ಆಗ ಜಿನ್ನೂ ಜಪ್ತಿ, ಬದಲಿಗೆ ಬಂದ ಗಿರಣಿಯೂ ಜಪ್ತಿ.

ಇದು ಮಕ್ಸೂದನಿಗೆ ಗೊತ್ತಿಲ್ಲವೇ ಎಂದಳು ಅನುಸೂಯಾಬಾಯಿ.

ಗೊತ್ತಿದೆ, ಆದರೆ ಹೇಳಿದರೆ ನೀವು ವ್ಯವಹಾರವನ್ನೇ ಮುರಿದೀರಿ ಎಂಬ ಹೆದರಿಕೆ ಅವನಿಗೆ, ಎಂದ ಫಕ್ರೋದ್ದೀನ.

ಹಾಗಾದರೆ ಖರೇ ಬೆಲೆ ಬರೆದರೆ ತೆರಿಗೆ ನಿಜವಾಗಿ ಎಷ್ಟು ಬೀಳುತ್ತದೆ ಎಂದು ಕೇಳಿದಳು. ಫಕ್ರೋದ್ದೀನ ತನಗೆ ಗೊತ್ತಿಲ್ಲ, ತನ್ನ ವಿದ್ಯೆ ಎಲ್ಲ ನಿಜಾಮರ ಕಾಲದ್ದು ಎಂದು ಒಪ್ಪಿಕೊಂಡ. ಗುಲಬರ್ಗಾದಿಂದ ಟ್ಯಾಕ್ಸಿನ ಅಧಿಕಾರಿ ತಿಂಗಳಿಗೊಮ್ಮೆ ಬೀದರಿಗೆ ಬಂದು ಸರಕಾರಿ ಬಂಗಲೆಯಲ್ಲಿ ಮೂರು ದಿನ ಇರುತ್ತಾನೆ, ಈ ಸಲ ಬರುವ ಸೋಮವಾರ ಬರುತ್ತಾನೆ ಎಂದಷ್ಟೇ ಹೇಳಿದ. ಶಿವರಾಜಪ್ಪ ಸ್ಟಾಂಪು ಹಿಡಿದು ಬರುವ ಹೊತ್ತಿಗೆ ಅನುಸೂಯಾಬಾಯಿ ಎದ್ದು ಚಪ್ಪಲಿ ಮೆಟ್ಟಿಕೊಂಡಿದ್ದಳು. ಇವತ್ತು ಬರೆಯುವುದು ಬೇಡ, ಹತ್ತು ದಿನ ಬಿಟ್ಟು ಬರೋಣ ಎಂದಳು. ಭಾಲ್ಕಿಯ ತನಕ ರೈಲಿನಲ್ಲಿ ಅವನು ಕಾರಣ ಕೇಳುತ್ತಲೇ ಬಂದ. ತನಗೇ ಇನ್ನೂ ಪೂರ್ತಿ ತಿಳಿಯದ್ದನ್ನು ಅವನಿಗೆ ಹೇಗೆ ಹೇಳುವುದೆಂದು ಅವಳು ಬಾಯಿ ಬಿಡಲಿಲ್ಲ.

ಸೋಮವಾರ ಅವಳು ಗಿರಣಿಯ ಆರು ವರ್ಷದ ವಹಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಒಬ್ಬಳೇ ಬೀದರಿಗೆ ಹೋದಳು. ಬಂಗಲೆಯ ಪಡಸಾಲೆಯಲ್ಲಿ ಹದಿನೈದು ಜನ ವ್ಯಾಪಾರಿಗಳಿದ್ದರು, ಹೆಂಗಸೆಂದರೆ ಅವಳೊಬ್ಬಳೇ. ಯಾರ ಮನೆಯವರು ನೀವು, ಗಂಡಸರು ಬರಲಿಲ್ಲವೇ ಎಂದು ಜವಾನ ಎರಡು ಸಲ ಕೇಳಿದ. ಮೂರನೆಯ ಸಲ ಕೇಳುವ ಮೊದಲು ಅವಳೇ ಒಳಗೆ ಹೋದಳು.

ಅಧಿಕಾರಿ ತೆಲುಗು ಸೀಮೆಯ ತೆಳ್ಳನೆಯ ಮನುಷ್ಯ. ಅವನ ಮಾತನ್ನು ಗುಮಾಸ್ತ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ತೆರಿಗೆ ತಪ್ಪಿಸುವ ದಾರಿ ಕೇಳಲು ಬಂದವರನ್ನು ಕಂಡು ಕಂಡು ಬೇಸತ್ತಿದ್ದ ಆತನಿಗೆ, ತೆರಿಗೆ ಎಷ್ಟು ಬೀಳುತ್ತದೆಂದು ಮೊದಲೇ ಕೇಳಲು ಬಂದವಳನ್ನು ನೋಡಿ ವಿಚಿತ್ರವೆನಿಸಿರಬೇಕು. ವಹಿಗಳನ್ನು ತೆಗೆಸಿ ನೋಡಿದ. ಎಂಜಿನ್ನು, ಗಾಣ, ಶೆಡ್ಡಿಗೆ ಮೊದಲು ಎಷ್ಟು ಕೊಟ್ಟಿರಿ ಎಂದು ಕೇಳಿದ. ಎಂಟು ಸಾವಿರದ ನಾನೂರು ಹಾಲಿ ಎಂದಳು. ಗುಮಾಸ್ತ ಏಳರಿಂದ ಭಾಗಿಸಿ ಆರರಿಂದ ಗುಣಿಸಿ ಏಳು ಸಾವಿರದ ಇನ್ನೂರು ಕಲ್ದಾರ ಎಂದು ಬರೆದುಕೊಂಡ. ಸವಕಳಿ ಎಂದು ವರ್ಷ ವರ್ಷ ಕಳೆದದ್ದು ಮೂರು ಸಾವಿರ. ಉಳಿದದ್ದು ನಾಲ್ಕು ಸಾವಿರದ ಇನ್ನೂರು. ಈಗ ಕುದುರಿದ ಬೆಲೆ ಹತ್ತು ಸಾವಿರ.

ಅಧಿಕಾರಿ ಒಂದು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದು, ಎರಡು ಕಡೆ ಅಡ್ಡಗೀಟು ಹಾಕಿ ಅದನ್ನು ಮೂರು ತುಂಡು ಮಾಡಿದ. ಮೊದಲ ತುಂಡು ನಾಲ್ಕು ಸಾವಿರದ ಇನ್ನೂರರ ತನಕ. ಅದು ನಿಮ್ಮದೇ ಬಂಡವಾಳ ನಿಮಗೆ ವಾಪಸು ಬಂದದ್ದು, ಅದಕ್ಕೆ ತೆರಿಗೆ ಇಲ್ಲ ಎಂದ. ಕೊನೆಯ ತುಂಡು ಏಳು ಸಾವಿರದ ಇನ್ನೂರರಿಂದ ಹತ್ತು ಸಾವಿರದ ತನಕ. ಅದು ಕಾಲ ಏರಿದ್ದಕ್ಕೆ ಬೆಲೆ ಏರಿದ್ದು. ಅಂಥ ಲಾಭದ ಮೇಲೆ ಹಿಂದೂಸ್ತಾನದಲ್ಲಿ ಎರಡು ವರ್ಷ ತೆರಿಗೆ ಇತ್ತು, ಈಗ ತೆಗೆದಿದ್ದಾರೆ. ಜಾಗಕ್ಕೆ ಸಿಕ್ಕ ಹೆಚ್ಚಿನ ಬೆಲೆಗೂ ಇದೇ ಲೆಕ್ಕ. ಉಳಿದದ್ದು ನಡುವಿನ ತುಂಡು, ಮೂರು ಸಾವಿರ. ತೆರಿಗೆ ಅದೊಂದಕ್ಕೇ.

ಯಾಕೆ ಅದಕ್ಕೆ ಮಾತ್ರ ಎಂದು ಅವಳು ಕೇಳಿದಳು.

ಈ ಎಲ್ಲ ವರ್ಷ ಯಂತ್ರ ಸವೆಯಿತು ಎಂದು ನೀವು ಹೇಳಿದಿರಿ, ಸರಕಾರ ನಂಬಿ ಅಷ್ಟು ಆದಾಯಕ್ಕೆ ತೆರಿಗೆ ಬಿಟ್ಟಿತು. ಈಗ ಯಂತ್ರ ಕೊಡುವಾಗ ಸವೆದದ್ದರ ಬೆಲೆಯೂ ನಿಮ್ಮ ಕೈಗೆ ಬಂತು. ಹಾಗಾಗಿ ಆಗ ಬಿಟ್ಟ ಆದಾಯ ಈಗ ಲೆಕ್ಕಕ್ಕೆ ಬರುತ್ತದೆ, ಎಂದು ಗುಮಾಸ್ತ ತಿರುಗಿಸಿ ಹೇಳಿದ.

"ಅಂದ್ರ ಸವದದ ಅಂತ ನಾವು ಬರದಿದ್ದು ಖರೇನ ಸವದಿದ್ದಿಲ್ಲ ಅಂತ ಆಯ್ತಲ್ರಿ," ಎಂದಳು ಅನುಸೂಯಾಬಾಯಿ.

ಗುಮಾಸ್ತ ಅದನ್ನು ತೆಲುಗಿನಲ್ಲಿ ಹೇಳಿದಾಗ ಅಧಿಕಾರಿ ಹೌದೆಂದು ತಲೆ ಆಡಿಸಿದ. ಮೂರು ಸಾವಿರದ ಮೇಲೆ ಅವಳಿಗೆ ಬೀಳುವ ದರದಲ್ಲಿ ರೂಪಾಯಿಗೆ ಒಂದಾಣೆ ಒಂಬತ್ತು ಪೈ. ಗುಮಾಸ್ತ ಲೆಕ್ಕ ಹಾಕಿ ತೋರಿಸಿದ: ಮುನ್ನೂರ ಇಪ್ಪತ್ತೆಂಟು ರೂಪಾಯಿ ಎರಡಾಣೆ.

ಅವಳು ಆ ಅಂಕಿಯನ್ನು ತಾನೇ ಇನ್ನೊಂದು ಸಲ ಬೆರಳಿನ ಗೆಣ್ಣಿನಲ್ಲಿ ಲೆಕ್ಕ ಹಾಕಿ ನೋಡಿದಳು. ಭಾಲ್ಕಿಯ ಬಜಾರು ಲಾಭದಲ್ಲಿ ಅರ್ಧ ಹೋಗುತ್ತದೆಂದು ಹೆದರಿಸಿತ್ತು. ಹಾಳೆಯನ್ನು ಕೊಡುವಿರಾ ಎಂದು ಕೇಳಿ, ಮಡಚಿ ವಹಿಯಲ್ಲಿಟ್ಟುಕೊಂಡು ಬಂದಳು.

ಭಾಲ್ಕಿಯಲ್ಲಿ ಆ ಸಂಜೆ ಅಂಗಡಿ ಮುಚ್ಚಿದ ಮೇಲೆ ಶಿವರಾಜಪ್ಪನಿಗೆ ಎಲ್ಲ ಹೇಳಿದಳು. ಹಾಳೆ ತೆಗೆದು ಮೂರು ತುಂಡನ್ನೂ ತೋರಿಸಿದಳು. ಅವನು ದಡ್ಡನಲ್ಲ, ಲೆಕ್ಕ ತಕ್ಷಣ ತಿಳಿಯಿತು. ಆದರೆ ಮಕ್ಸೂದನ ಮೇಲೆ ಅರ್ಜಿ ಬೀಳಬಹುದೆಂಬ ಮಾತು ಬಂದಾಗ ಅವನ ಮುಖ ಗಂಟಿಕ್ಕಿತು. ಮುನ್ನೂರೋ ಮೂವತ್ತೋ, ಅವನ ಸಲುವಾಗಿ ನಾವೇಕೆ ಕೊಡಬೇಕು ಎಂದ. ಸ್ಟಾಂಪಿನ ಖರ್ಚು ಬೇರೆ. ಅವಳು ಉತ್ತರ ಕೊಡುವ ಮೊದಲೇ ಅವನ ದನಿ ಇಳಿಯಿತು.

"ಹಲಬರ್ಗಾದ ಗೋದಾಮು ಸುಟ್ಟಾಗ ಖರೇ ಕಿಮ್ಮತ್ತು ಯಾರು ಬರದ್ರು, ವೈನಿ?"

ಯಾರೂ ಬರೆಯಲಿಲ್ಲ ಎಂದು ಅವಳು ಒಪ್ಪಿಕೊಂಡಳು. ಆದರೆ ಅದನ್ನು ಮಕ್ಸೂದ ಸುಡಲಿಲ್ಲ ಎಂದಳು.

"ಸುಟ್ಟವ್ರಿಗೆ ಚಂದಾ ಕೊಟ್ಟಾನ. ಔರಾದದಾಗ ಯಾರನ್ನರ ಕೇಳ್ರಿ."

ಆ ಮಾತು ಅವಳಿಗೆ ಹೊಸದಾಗಿರಲಿಲ್ಲ. ಕಿವಿಗೆ ಬಿದ್ದಿತ್ತು, ಕೇಳದವಳಂತೆ ಇದ್ದಳು. ಈಗ ಮೈದುನನೇ ಎದುರಿಗೆ ಇಟ್ಟ ಮೇಲೆ ಹಾಗಿರಲು ಆಗಲಿಲ್ಲ. ಆ ಗೋದಾಮನ್ನು ಮಾವ ಕಲ್ಲು ಕಲ್ಲು ಹೊರಿಸಿ ಕಟ್ಟಿದ್ದ. ಅದು ಉರಿದ ಮೇಲೆ ಶಿವರಾಜಪ್ಪ ಎಂಟು ದಿನ ಹಲಬರ್ಗಾದಲ್ಲೇ ಕೂತು, ಸುಡದೆ ಉಳಿದ ಕಾಳು ಸಿಗಬಹುದೆಂದು ಬೂದಿಯನ್ನು ಜರಡಿ ಹಿಡಿದಿದ್ದ. ಅವನ ಸಿಟ್ಟು ಸುಳ್ಳಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ದಿನ ಬಿಟ್ಟು ಬೀದರಿಗೆ ಹೋದಾಗ ಮಕ್ಸೂದನ ಬಾಡಿಗೆ ಮನೆಗೆ ಹೋದಳು. ಅವನು ಕುರ್ಚಿ ತರಿಸಿದ, ಚಹಾ ಹೇಳಿದ. ರಜಾಕಾರರಿಗೆ ಚಂದಾ ಕೊಟ್ಟದ್ದು ಹೌದೇ ಎಂದು ಅವಳು ನೇರ ಕೇಳಿಬಿಟ್ಟಳು.

ಅವನು ಒಳಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತ.

"ಕೊಟ್ಟೀನ್ರಿ. ಎರಡು ಸಲ ಕೊಟ್ಟೀನಿ. ಕೊಡಲಿಲ್ಲಂದ್ರ ಜಿನ್ನಿಗೆ ಬೆಂಕಿ ಅಂದ್ರು. ಅಂಜಿ ಕೊಟ್ಟೆ. ಆ ರೊಕ್ಕದಾಗ ಏನ್ ಮಾಡ್ತಾರ ಅಂತ ನಾ ಕೇಳ್ಲಿಲ್ಲ. ಕೇಳಬೇಕಿತ್ತು."

ಚಹಾ ಬಂತು. ಅವಳು ಕುಡಿದಳು. ಕ್ಷಮಿಸಿದೆ ಎಂದಾಗಲಿ, ಇರಲಿ ಬಿಡು ಎಂದಾಗಲಿ ಅವಳ ಬಾಯಿಂದ ಬರಲಿಲ್ಲ, ಮನಸ್ಸಿನಲ್ಲೂ ಹಾಗೇನೂ ಇರಲಿಲ್ಲ. ಅವನು ಕೊಟ್ಟದ್ದು ಅವನ ಲೆಕ್ಕ, ಅದನ್ನು ಅವನೇ ಹೊರಬೇಕು. ಆದರೆ ಹದಿನಾರು ಸಾವಿರದ ಜಿನ್ನನ್ನು ತಾನು ಎಂಟು ಸಾವಿರಕ್ಕೆ ಪಡೆದೆ ಎಂದು ಸರಕಾರದ ಕಾಗದದ ಮೇಲೆ ಹೆಬ್ಬೆಟ್ಟಿಗೆ ಬದಲು ತನ್ನ ಹೆಸರು ಬರೆದು ರುಜು ಹಾಕಬೇಕಾದವಳು ತಾನು. ಹೆದರಿದವನ ಕೈಯಿಂದ ಅರ್ಧ ಬೆಲೆಗೆ ಕಿತ್ತುಕೊಂಡೆ ಎಂದು ನಾಳೆ ಯಾರಾದರೂ ಆ ಕಾಗದ ಓದಿ ಹೇಳಿದರೆ, ಅಲ್ಲ ಎನ್ನಲು ಅವಳ ಹತ್ತಿರ ಏನೂ ಇರುವುದಿಲ್ಲ. ಮುನ್ನೂರ ಇಪ್ಪತ್ತೆಂಟು ರೂಪಾಯಿ ಉಳಿಸಲು ಅಷ್ಟು ದೊಡ್ಡ ಸುಳ್ಳಿಗೆ ರುಜು ಹಾಕುವುದು ಅವಳಿಗೆ ತುಟ್ಟಿಯ ವ್ಯಾಪಾರ ಎನಿಸಿತು. ದಸ್ತಾವೇಜಿನಲ್ಲಿ ಖರೇ ಬೆಲೆಯೇ ಇರುತ್ತದೆ ಎಂದು ಹೇಳಿ ಎದ್ದಳು. ಮಕ್ಸೂದ ಬಾಗಿಲ ತನಕ ಬಂದ.

ಶಿವರಾಜಪ್ಪ ಮಾತ್ರ ರುಜು ಹಾಕುವುದಿಲ್ಲ ಎಂದು ಕೂತ. ಗಿರಣಿಯಲ್ಲಿ ಅವನಿಗೂ ಪಾಲಿತ್ತು, ಅವನ ರುಜು ಇಲ್ಲದೆ ಕೆಲಸ ಆಗುವಂತಿರಲಿಲ್ಲ. ಹದಿನೈದು ದಿನ ಮನೆಯಲ್ಲಿ ಮಾತು ಬಿಗಿಯಾಯಿತು. ಕೊನೆಗೆ ಅವನೇ ಒಂದು ದಾರಿ ಹೇಳಿದ. ಪಾಲು ಬೇರೆ ಮಾಡೋಣ. ಭಾಲ್ಕಿಯ ಬಜಾರಿನ ಅಂಗಡಿ ಪೂರ್ತಿ ನನಗಿರಲಿ, ಗಿರಣಿಯೂ ಅದರ ಬದಲಿಗೆ ಬರುವ ಜಿನ್ನೂ ನಿಮಗಿರಲಿ. ಮೇಲಿನ ಎರಡು ಸಾವಿರವನ್ನೂ ತೆರಿಗೆಯನ್ನೂ ಸ್ಟಾಂಪನ್ನೂ ನೀವೇ ಹೊತ್ತುಕೊಳ್ಳಿರಿ.

ಅಂಗಡಿ ನಡೆಯುವ ಅಂಗಡಿ, ಜಿನ್ನು ಬೀಗ ಬಿದ್ದ ಜಿನ್ನು. ಈ ಪಾಲಿನಲ್ಲಿ ಅವಳಿಗೆ ಏನಿಲ್ಲವೆಂದರೂ ಸಾವಿರದ ಐದುನೂರು ನಷ್ಟವಿತ್ತು. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಒಂದು ರಾತ್ರಿ ಯೋಚಿಸಿ, ಬೆಳಗಾದ ಮೇಲೆ ಒಪ್ಪಿಕೊಂಡಳು. ಮನ್ಮಥಪ್ಪ ಕೂತು ಕೂತು ನುಣುಪಾದ ಅಂಗಡಿಯ ಗಾದಿಯನ್ನು ಕೊನೆಯ ಸಲ ನೋಡಲು ಹೋದವಳು, ಗಿರಾಕಿಗಳಿದ್ದುದರಿಂದ ಒಳಗೆ ಹೋಗದೆ ಹಾಗೆಯೇ ತಿರುಗಿ ಬಂದಳು.

ಜೂನ್ ತಿಂಗಳ ಮೊದಲ ವಾರ ಬೀದರಿನಲ್ಲಿ ದಸ್ತಾವೇಜು ನೋಂದಣಿಯಾಯಿತು. ಫಕ್ರೋದ್ದೀನ ಎರಡೂ ಆಸ್ತಿಯ ಪೂರ್ತಿ ಬೆಲೆ, ಯಂತ್ರದ್ದು ಬೇರೆ, ಜಾಗದ್ದು ಬೇರೆ, ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದ. ಎರಡು ಸಾವಿರವನ್ನು ರಿಜಿಸ್ಟ್ರಾರನ ಎದುರಿನಲ್ಲೇ ಎಣಿಸಿ ಕೊಟ್ಟಳು.

ಫಕ್ರೋದ್ದೀನ ಹೇಳಿದ್ದು ಎರಡೇ ತಿಂಗಳಲ್ಲಿ ನಿಜವಾಯಿತು. ದೇಶ ಬಿಟ್ಟವರ ಆಸ್ತಿಯ ಕಚೇರಿಗೆ ಹೆಸರಿಲ್ಲದ ಅರ್ಜಿಯೊಂದು ಹೋಗಿತ್ತು: ಔರಾದಿನ ಮಕ್ಸೂದ ಅಣ್ಣನ ಹಿಂದೆ ಕರಾಚಿಗೆ ಹೊರಟಿದ್ದಾನೆ, ಜಿನ್ನನ್ನು ಸಿಕ್ಕ ಬೆಲೆಗೆ ಮಾರಿ ರೊಕ್ಕ ಸಾಗಿಸುತ್ತಿದ್ದಾನೆ. ಆಗಸ್ಟಿನಲ್ಲಿ ವಿಚಾರಣೆಗೆ ಕರೆ ಬಂತು. ಅನುಸೂಯಾಬಾಯಿಗೂ ಬಂತು. ಅರ್ಜಿ ಬರೆದವರು ಯಾರೆಂದು ಯಾರೂ ಹೇಳಲಿಲ್ಲ. ಅವಳು ಶಿವರಾಜಪ್ಪನ ಮುಖವನ್ನು ಒಂದು ಸಲ ನೋಡಿದಳು. ನಾನಲ್ಲ ವೈನಿ ಎಂದ ಅವನು, ಅವಳು ಕೇಳದೆಯೇ. ಅವಳು ನಂಬಿದಳು.

ವಿಚಾರಣೆ ನಾಲ್ಕು ಸಲ ನಡೆಯಿತು. ಮೊದಲ ಸಲ ಅಣ್ಣನ ಬಗ್ಗೆಯೇ ಎಲ್ಲ ಪ್ರಶ್ನೆ. ಗುಲಾಮ ರಸೂಲ ಜಿನ್ನಿನಲ್ಲಿ ತನ್ನ ಪಾಲನ್ನು ನಲವತ್ತನಾಲ್ಕರಲ್ಲೇ ರೊಕ್ಕವಾಗಿ ಬಿಡಿಸಿಕೊಂಡಿದ್ದ, ಅದರ ಕಾಗದ ಮಕ್ಸೂದನ ಹತ್ತಿರ ಇತ್ತು. ಎರಡನೆಯ ಸಲ ಬೆಲೆಯ ಮಾತು. ಅಧಿಕಾರಿ ದಸ್ತಾವೇಜು ಮುಂದಿಟ್ಟುಕೊಂಡು, ಉದಗೀರಿನಲ್ಲಿ ಆ ವರ್ಷ ಮಾರಾಟವಾದ ಇನ್ನೊಂದು ಜಿನ್ನಿನ ಬೆಲೆ ತರಿಸಿ ಹೋಲಿಸಿದ. ಅದು ಎಂಟು ಜಿನ್ನಿನದು, ಇಪ್ಪತ್ತೊಂದು ಸಾವಿರ. ಆರು ಜಿನ್ನಿಗೆ ಹದಿನಾರು ಸಾವಿರ ಸರಿಯಾದ ಬೆಲೆಯೇ ಎಂದು ಬರೆದುಕೊಂಡ. ಮೂರನೆಯ ಸಲ ಅನುಸೂಯಾಬಾಯಿಯನ್ನು ಕೇಳಿದರು: ಇಷ್ಟು ಬೆಲೆ ಬರೆಸಿದ್ದೇಕೆ, ತೆರಿಗೆ ಬೀಳುತ್ತದೆಂದು ಗೊತ್ತಿರಲಿಲ್ಲವೇ?

"ಗೊತ್ತಿತ್ರಿ. ಎಷ್ಟು ಬೀಳ್ತದ ಅಂತ ಕೇಳಿ ತಿಳಕೊಂಡೇ ಬರಿಸೀನಿ," ಎಂದು ಅಂಕಿ ಹೇಳಿದಳು.

ನಾಲ್ಕನೆಯ ಸಲ ಯಾರನ್ನೂ ಏನೂ ಕೇಳಲಿಲ್ಲ. ಆ ಹೊತ್ತಿಗೆ ಮಕ್ಸೂದ ಚಿದ್ರಿ ದಾರಿಯ ಗಿರಣಿಗೆ ಇನ್ನೊಂದು ಗಾಣ ಹಾಕಿಸಿ, ಮಗನನ್ನು ಬೀದರಿನ ಶಾಲೆಗೆ ಸೇರಿಸಿ, ಮೂರು ಜನ ಆಳುಗಳನ್ನು ಇಟ್ಟುಕೊಂಡಿದ್ದ. ಹೊರಡುವವನು ಹೀಗೆ ಮಾಡುವುದಿಲ್ಲ ಎಂದು ಅರ್ಜಿಯನ್ನು ಮುಚ್ಚಿದರು. ಆದರೂ ಆ ನಾಲ್ಕು ತಿಂಗಳಲ್ಲಿ ಅವನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

ಮರುವರ್ಷ ತೆರಿಗೆಯ ನೋಟೀಸು ಬಂದಾಗ ಬೀದರಿನ ಎಳೆಯ ವಕೀಲನೊಬ್ಬ ತಾನಾಗಿ ಭಾಲ್ಕಿಗೆ ಬಂದ. ಕಾನೂನಿನಲ್ಲಿ ಮಾರಾಟ ಎಂಬ ಶಬ್ದವಿದೆ, ಅದಲುಬದಲು ಎಂಬ ಶಬ್ದವಿಲ್ಲ. ನೀವು ಮಾರಲಿಲ್ಲ, ಆಸ್ತಿಗೆ ಆಸ್ತಿ ಬದಲಿಸಿದಿರಿ, ಅಲ್ಲಿ ಬೆಲೆ ಎಂಬುದೇ ಇಲ್ಲ ಎಂದು ವಾದಿಸಿದರೆ ತೆರಿಗೆ ಹೋದರೂ ಹೋದೀತು ಎಂದ. ವಾದ ಗಟ್ಟಿಯಾಗಿಯೇ ಇತ್ತು. ಗೆಲ್ಲುವುದೂ ಸಾಧ್ಯವಿತ್ತು.

ಅವಳು ಅವನಿಗೆ ಊಟ ಹಾಕಿಸಿ, ಬೇಡ ಎಂದಳು. ಅಲ್ಲಿ ಬೆಲೆಯೇ ಇರಲಿಲ್ಲ ಎಂದು ಒಂದು ಕಚೇರಿಯಲ್ಲಿ ವಾದಿಸಿದರೆ, ಪೂರ್ತಿ ಬೆಲೆ ಕೊಟ್ಟಿದ್ದೇನೆ ಎಂದು ಇನ್ನೊಂದು ಕಚೇರಿಯಲ್ಲಿ ಹೇಳಿದ್ದು ಏನಾಗುತ್ತದೆ? ಮುಚ್ಚಿದ ಅರ್ಜಿ ಮತ್ತೆ ಬಿಚ್ಚಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಮುನ್ನೂರ ಇಪ್ಪತ್ತೆಂಟು ರೂಪಾಯಿ ಎರಡಾಣೆಯನ್ನು ಖಜಾನೆಗೆ ಕಟ್ಟಿ ಪಾವತಿ ಪಡೆದಳು. ಅದನ್ನು ಹತ್ತು ವರ್ಷವಾದರೂ ಇಟ್ಟುಕೊಳ್ಳಿರಿ ಎಂದು ಫಕ್ರೋದ್ದೀನ ಹೇಳಿ ಕಳಿಸಿದ.

ಜಿನ್ನು ಮೊದಲ ವರ್ಷ ಅವಳನ್ನು ಹಣ್ಣು ಮಾಡಿತು. ಹೊಸ ಚರ್ಮದ ರೂಲುಗಳು ತಡವಾಗಿ ಬಂದವು, ಸುಗ್ಗಿಯ ಅರ್ಧ ಹತ್ತಿ ಆಗಲೇ ಉದಗೀರಿಗೆ ಹೋಗಿಯಾಗಿತ್ತು. ಗೋರಖನಾಥನಿಗೆ ಎರಡು ತಿಂಗಳ ಪಗಾರ ಕೊಡಲು ಕೈಯ ಬಂಗಾರದ ಪಾಟಲಿ ಒತ್ತೆ ಇಟ್ಟಳು. ಎರಡನೆಯ ವರ್ಷ ಪಾಟಲಿ ಬಿಡಿಸಿಕೊಂಡಳು. ಮೂರನೆಯ ವರ್ಷ ಹತ್ತಿಯ ಬಂಡಿಗಳು ಔರಾದಿನ ದಾರಿಯಲ್ಲಿ ಸೂರ್ಯ ಹುಟ್ಟುವ ಮೊದಲೇ ಸಾಲು ನಿಲ್ಲತೊಡಗಿದವು. ಅವಳು ಭಾಲ್ಕಿಯ ಮನೆಗೆ ಬೀಗ ಹಾಕಿ ಔರಾದಿನಲ್ಲೇ ಮನೆ ಮಾಡಿದಳು. ಮಕ್ಸೂದನೊಡನೆ ಬಳಕೆಯೇನೂ ಬೆಳೆಯಲಿಲ್ಲ. ಹತ್ತಿಯ ಕಾಳು ಮಾತ್ರ ಪ್ರತಿ ತಿಂಗಳು ಅವಳ ಜಿನ್ನಿನಿಂದ ಅವನ ಗಾಣಕ್ಕೆ ಹೋಗುತ್ತಿತ್ತು, ಬಜಾರಿನ ಧಾರಣೆಗೆ.

ಐವತ್ತನಾಲ್ಕರ ಮಾಘದಲ್ಲಿ ಒಂದು ಮಧ್ಯಾಹ್ನ ಶಿವರಾಜಪ್ಪ ಔರಾದಿಗೆ ಬಂದ. ಮೂರು ವರ್ಷದಲ್ಲಿ ಮದುವೆ ಮುಂಜಿಗೆ ಬಿಟ್ಟರೆ ಅವನು ಆ ಕಡೆ ಬಂದಿರಲಿಲ್ಲ. ಅಂಗಡಿಯ ಜೊತೆಗೆ ಅವನೊಂದು ಬೇಳೆ ಒಡೆಯುವ ಯಂತ್ರ ಹಾಕಿದ್ದ, ಅದನ್ನು ಮಾರಬೇಕಾಗಿತ್ತು. ಕೊಳ್ಳುವವನು ಕಡಿಮೆ ಬೆಲೆ ಬರೆಸು ಎನ್ನುತ್ತಿದ್ದ. ಎಷ್ಟು ಬರೆಸಿದರೆ ಎಷ್ಟು ತೆರಿಗೆ ಎಂದು ಭಾಲ್ಕಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅದನ್ನೆಲ್ಲ ಅವನು ನಿಂತುಕೊಂಡೇ, ಎಂಜಿನ್ನಿನ ಕಡೆ ನೋಡುತ್ತ ಹೇಳಿದ.

"ಮೊದಲ ಉಣ್ಣು," ಎಂದಳು ಅನುಸೂಯಾಬಾಯಿ.

ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ ಬಡಿಸಿದಳು. ಅವನು ಉಂಡ. ಕೈ ತೊಳೆದು ಬಂದಾಗ ಅವಳು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಉದ್ದಕ್ಕೊಂದು ಗೆರೆ ಎಳೆದಿದ್ದಳು. ಯಂತ್ರ ಎಷ್ಟಕ್ಕೆ ತಂದಿ, ವಹಿಯಲ್ಲಿ ಸವಕಳಿ ಎಷ್ಟು ಬರೆದಿ ಎಂದು ಕೇಳಿದಳು. ಅವನು ಜೇಬಿನಿಂದ ಚೀಟಿ ತೆಗೆದು, ಅವಳ ಎದುರಿಗೆ ಕಾಲು ಮಡಚಿ ಕೂತು, ಒಂದೊಂದಾಗಿ ಓದತೊಡಗಿದ.